ಬಾಯಣ್ಣನ ಕೋಟು

ಅಜ್ಜನ ಕೋಟನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದ್ದರು. ಅಡಿಯಲ್ಲಿ ಬಿಳಿ ಬಟ್ಟೆ, ಮೇಲೆ ಕಣ್ಣು ಕುಕ್ಕುವ ಟ್ಯೂಬ್‌ಲೈಟು. ತೋಳುಗಳೆರಡೂ ಪಕ್ಕಕ್ಕೆ ಚಾಚಿಕೊಂಡಿದ್ದವು. ತಲೆ ಇರಬೇಕಾದ ಜಾಗದಲ್ಲಿ ಟೋಪಿ, ಎದೆಯ ಮೇಲೆ ಪದಕಗಳು. ಶವಾಗಾರದಲ್ಲಿ ಗುರುತು ಹೇಳಲು ಕರೆಸಿಕೊಂಡವರ ಹಾಗೆ ನಾವು ಮೂವರು ಅದರ ಸುತ್ತ ನಿಂತಿದ್ದೆವು: ದೊಡ್ಡಪ್ಪ, ಅತ್ತೆ, ತೀರಿಹೋದ ಅಪ್ಪನ ಪರವಾಗಿ ನಾನು.

ಅದು ನೌಕಾಪಡೆಯ ವಸ್ತುಸಂಗ್ರಹಾಲಯದ ಹಿಂದಿನ ಕೋಣೆ. ಮುಂದುಗಡೆ ಹೊಸದಾಗಿ ಕಟ್ಟಿಸಿದ ಯುದ್ಧಭವನ. ಅವತ್ತೇ ಮಧ್ಯಾಹ್ನ ಅದರ ಉದ್ಘಾಟನೆ. ದೊಡ್ಡ ದಂಡನಾಯಕರೊಬ್ಬರು ಬಂದು ರಿಬ್ಬನ್ ಕತ್ತರಿಸುವವರಿದ್ದರು. ಭವನದ ನಟ್ಟನಡುವೆ ಒಂದು ಗಾಜಿನ ಪೆಟ್ಟಿಗೆ ಅಜ್ಜನ ಕೋಟಿಗಾಗಿ ಬಾಯಿ ತೆರೆದು ಕಾಯುತ್ತಿತ್ತು. ಪೆಟ್ಟಿಗೆಯ ಕಾಲಿಗೆ ಆಗಲೇ ಫಲಕ ಹಚ್ಚಿಯಾಗಿತ್ತು. ಮೇಲೆ ಅಜ್ಜನ ಪೂರ್ತಿ ಹೆಸರು, ಕೆಳಗೆ ‘ಯುದ್ಧಕಾಲದ ನೌಕಾ ಅಧಿಕಾರಿ’. ಅತ್ತೆ ಒಳಗೆ ಬರುವಾಗ ಆ ಫಲಕದ ಮುಂದೆ ನಿಂತು, ಅಕ್ಷರಗಳ ಮೇಲೆ ಬೆರಳಾಡಿಸಿ ಬಂದಿದ್ದಳು. ಆಸ್ಪತ್ರೆಯಲ್ಲಿ ಆಯಾ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವಳು ಅವಳು. ಅಪ್ಪನ ಹೆಸರು ಎಲ್ಲಾದರೂ ಅಚ್ಚಾಗಿದ್ದನ್ನು ನೋಡಿದ್ದು ಅದೇ ಮೊದಲು.

ಸಂಗ್ರಹಾಲಯದಲ್ಲಿ ಒಂದು ಪದ್ಧತಿ ಇತ್ತು. ಯಾವ ವಸ್ತುವಾದರೂ ಗಾಜಿನೊಳಗೆ ಹೋಗುವ ಮುಂಚೆ ಅದು ಏನು ಎಂದು ಅವರ ಕಡೆಯ ತಿಳಿದವರೊಬ್ಬರು ನೋಡಿ ಹೇಳಬೇಕು. ಆಮೇಲೆ ಸತ್ತವರ ಮಕ್ಕಳು ಅದರ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಇದು ಇಂಥವರದು ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳಿದರೆ ಅದು ಮನೆಯವರದು. ಇಡುವುದೂ ಒಯ್ಯುವುದೂ ಅವರಿಷ್ಟ. ಯಾರೂ ಹೇಳದಿದ್ದರೆ ಅದು ಅನಾಥ, ಸಂಗ್ರಹಾಲಯದ ಸ್ವತ್ತು. ನೋಡಿ ಹೇಳಬೇಕಾದವರು ಕಾಮಾಲೆ ಹಿಡಿದು ಮಲಗಿದ್ದರಿಂದ ಎರಡೂ ಕೆಲಸ ಉದ್ಘಾಟನೆಯ ದಿನಕ್ಕೇ ಬಂದು ನಿಂತಿತ್ತು. ದೊಡ್ಡಪ್ಪನಿಗೆ ಅದೇನೂ ಚಿಂತೆ ಇರಲಿಲ್ಲ. ಇಸ್ತ್ರಿ ಮುರಿಯದ ಅಂಗಿ ತೊಟ್ಟು, ಕೂದಲಿಗೆ ಬಣ್ಣ ಹಾಕಿಸಿ, ತನ್ನ ಹಳೆಯ ಕಚೇರಿಯವರನ್ನೂ ಬೀದಿಯವರನ್ನೂ ಕರೆದು ಮೂರನೆಯ ಸಾಲಿನಲ್ಲಿ ಕೂರಿಸಿಬಿಟ್ಟಿದ್ದ. ಮೊದಲ ಸಾಲಿನ ಕುರ್ಚಿಗಳ ಮೇಲೆ ‘ಅಧಿಕಾರಿಗಳ ಕುಟುಂಬ’ ಎಂಬ ಚೀಟಿ ಇತ್ತು.

ಕೋಟು ನೋಡಿ ಹೇಳಲು ಅವತ್ತು ಎದ್ದು ಬಂದವರು ಒಬ್ಬ ಹಳೆಯ ನಾವಿಕರು. ಅಲ್ಲಿನ ಸಿಬ್ಬಂದಿ ಅವರನ್ನು ಫಿರಂಗಿ ತಾತ ಎನ್ನುತ್ತಿದ್ದರು. ಯುದ್ಧ ಮುಗಿದ ಹೊಸತರಲ್ಲಿ ಪಡೆ ಸೇರಿ, ಆಯುಷ್ಯವೆಲ್ಲ ಹಡಗಿನ ಫಿರಂಗಿ ಪಕ್ಕ ಕಳೆದು, ಕಿವಿ ಮುಕ್ಕಾಲು ಹೋಗಿತ್ತು. ತನಗೆ ಕೇಳಿಸದ್ದು ಲೋಕಕ್ಕೂ ಕೇಳಿಸುವುದಿಲ್ಲ ಎಂಬ ನಂಬಿಕೆಯಿಂದ ಅವರು ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದರು. ಆ ಕೋಣೆಗೂ ಭವನಕ್ಕೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಆಚೆ ಕುರ್ಚಿ ಎಳೆಯುವ ಸದ್ದು, ಯಾರದೋ ಕೆಮ್ಮು ಸ್ಪಷ್ಟವಾಗಿ ಕೇಳುತ್ತಿತ್ತು.

ತಾತ ಮೊದಲು ಪದಕಗಳನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಮಗ ಹಾಕಿಕೊಳ್ಳುವುದಾದರೆ ಎದೆಯ ಬಲಗಡೆ ಹಾಕಬೇಕು, ಎಡಗಡೆ ಗಳಿಸಿದವನದು, ಎಂದರು. ದೊಡ್ಡಪ್ಪ ನಕ್ಕು ತಲೆಯಾಡಿಸಿದ. ಆಮೇಲೆ ತಾತ ಕೋಟಿನ ಮೇಲಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಭೂತಗಾಜು ಹಿಡಿದರು. ಬಗ್ಗಿದವರು ಏಳಲಿಲ್ಲ.

“ಇದ್ಯಾವ ನೌಕಾಪಡೆ ರೀ?” ಎಂದರು. “ಲಂಗರು ಇರ್ಬೇಕಾದ ಕಡೆ ತುತ್ತೂರಿ ಇದೆಯಲ್ಲ.”

ನಾನೂ ಬಗ್ಗಿ ನೋಡಿದೆ. ಹಿತ್ತಾಳೆಯ ಗುಂಡಿಯ ಮೇಲೆ ಪುಟ್ಟದೊಂದು ತುತ್ತೂರಿ. ಬ್ಯಾಂಡ್‌ಸೆಟ್ಟಿನವರ ಬಟ್ಟೆ ಹೊಲಿಯುವ ಅಂಗಡಿಯ ಗುಂಡಿ. ಅತ್ತೆ ತಡೆಯಲಾರದೆ ಕಿಸಕ್ಕನೆ ನಕ್ಕಳು. ದೊಡ್ಡಪ್ಪನ ಮುಖ ಬಿಗಿಯಿತು. ಹಳೆಯ ಗುಂಡಿಗಳು ತುಕ್ಕು ಹಿಡಿದು ಕಪ್ಪಾಗಿದ್ದವು, ಸಭೆಗೆ ಬರುವ ಕೋಟು ಚೆನ್ನಾಗಿರಲಿ ಅಂತ ತಾನೇ ಬದಲಾಯಿಸಿದೆ, ಎಂದ.

“ಕಪ್ಪಾಗಿದ್ವಾ, ಕಪ್ಪೇ ಇದ್ವಾ?”

ತಾತ ತಾವೇ ಉತ್ತರ ಹೇಳಿಕೊಂಡರು. ಕಪ್ಪು ಗುಂಡಿ ಕೊಂಬಿನದು. ಕೊಂಬಿಗೆ ತುಕ್ಕು ಹಿಡಿಯುವುದಿಲ್ಲ. ಹಿತ್ತಾಳೆ ಗುಂಡಿ ತೆಗೆದು ಕೊಂಬಿನ ಗುಂಡಿ ಹಾಕಿ ನೋಡಿದರೆ ಈ ಕೋಟು ಏನೆಂದು ಹೇಳಲು ಭೂತಗಾಜೂ ಬೇಡ. ಅವರು ತೋಳು ಮಡಿಸಿ ಅದರ ಮೇಲಿನ ಬಿಲ್ಲೆ ತೋರಿಸಿದರು. ಚಿನ್ನದ ಬಣ್ಣದ ನೂಲಿನದಲ್ಲ, ಕೆಂಪು ನೂಲಿನದು.

ಅವರು ಕೂಗಿ ವಿವರಿಸಿದ್ದು ಇಷ್ಟು. ಹಡಗಿನಲ್ಲಿ ಫಿರಂಗಿ ಹಾರಿಸುವವನು, ಹಗ್ಗ ಎಳೆಯುವವನು, ಕಲ್ಲಿದ್ದಲು ಸುರಿಯುವವನು ಇವರಿಗೆಲ್ಲ ಗುಂಡಿಯ ಕೋಟು ಇರುವುದಿಲ್ಲ. ತಲೆಯಿಂದ ತೂರಿಸಿಕೊಳ್ಳುವ ಅಂಗಿ, ಬೆನ್ನ ಮೇಲೆ ಚೌಕದ ಕಾಲರು. ಸಿನಿಮಾದಲ್ಲಿ ಕಾಣುವ ನಾವಿಕ ಅವನೇ. ಮುಂದೆ ಗುಂಡಿ ಹಾಕುವ ಕೋಟು, ಕುತ್ತಿಗೆಗೆ ಟೈ, ತಲೆಗೆ ಅಂಚಿನ ಟೋಪಿ ಎರಡೇ ಥರದವರಿಗೆ. ಒಬ್ಬರು ಮೇಜಿಗೆ ಕೂತು ಉಣ್ಣುವ ಅಧಿಕಾರಿಗಳು. ಇನ್ನೊಬ್ಬರು ಆ ಮೇಜಿಗೆ ಬಡಿಸುವವರು. ದೂರದಿಂದ ನೋಡಿದವರಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ; ಹತ್ತಿರ ಬಂದರೆ ಅಧಿಕಾರಿಗೆ ಚಿನ್ನದ ನೂಲು, ಬಡಿಸುವವನಿಗೆ ಕಪ್ಪು ಗುಂಡಿ, ಕೆಂಪು ನೂಲು. ಮನೆಯವರು ಇದರಲ್ಲಿ ಮೋಸಹೋಗುವುದು ಇದೇ ಮೊದಲೇನಲ್ಲ.

“ನಿಮ್ಮ ತಂದೆ ಬಡಿಸೋರು” ಎಂದರು.

ಪ್ಲೈವುಡ್ಡಿನ ಆಚೆ ಕುರ್ಚಿಗಳ ಸದ್ದು ನಿಂತಿತು ಅಂತ ನನಗನ್ನಿಸಿತು. ನಿಂತಿರಲಿಕ್ಕಿಲ್ಲ. ದೊಡ್ಡಪ್ಪ ಮಾತ್ರ ಆ ಗೋಡೆಯನ್ನೇ ನೋಡುತ್ತಿದ್ದ.

ತಾತ ಕಾಲರಿನ ಒಳಗಡೆ ತಡವಿ, ಒಂದು ಪಟ್ಟಿಯನ್ನು ಹೊರಗೆ ಮಡಿಚಿದರು. ಬಟ್ಟೆ ಒಗೆಯಲು ಹಾಕುವಾಗ ಅದಲುಬದಲಾಗದಿರಲಿ ಎಂದು ಹೊಲಿದ ಪಟ್ಟಿ. ನಮಗದು ಗೊತ್ತಿದ್ದದ್ದೇ. ಚಿಕ್ಕವಳಿದ್ದಾಗ ನಾನು ಅಕ್ಷರ ಕೂಡಿಸಿ ಓದಿದ ಮೊದಲ ಇಂಗ್ಲಿಷ್ ಪದ ಅದೇ: ಬಾಯ್. ಪಕ್ಕದಲ್ಲೊಂದು ಅಂಕಿ.

ಇದನ್ನು ಇಲ್ಲಿ ಹೇಳಲೇಬೇಕು. ನಮ್ಮ ಬೀದಿಯಲ್ಲಿ ಅಜ್ಜನನ್ನು ಎಲ್ಲರೂ ಬಾಯಣ್ಣ ಎನ್ನುತ್ತಿದ್ದರು. ಜೊತೆಯಲ್ಲಿ ಪಡೆಗೆ ಹೋಗಿದ್ದವರು ಯಾರೋ ಆ ಹೆಸರನ್ನು ಊರಿಗೆ ತಂದಿದ್ದರು. ಅಜ್ಜ ಹಡಗಿನ ಮೇಲೆ ನಿಂತು ಬಾಯಿ ತೆರೆದರೆ ನಾವಿಕರೆಲ್ಲ ಗಡಗಡ ಅನ್ನುತ್ತಿದ್ದರಂತೆ, ಅದಕ್ಕೇ ಬಾಯಣ್ಣ, ಎಂದು ದೊಡ್ಡಪ್ಪ ನಮಗೆ ಹೇಳಿಕೊಟ್ಟಿದ್ದ. ಮನೆಯಲ್ಲಿ ಅಜ್ಜನಷ್ಟು ಬಾಯಿ ಮುಚ್ಚಿಕೊಂಡವರನ್ನು ನಾನು ಕಂಡಿಲ್ಲ. ಬಾಯಿಯನ್ನು ಹಡಗಿನಲ್ಲೇ ಮರೆತು ಬಂದಿದಾನೆ ಎಂದು ಅಜ್ಜಿ ತಮಾಷೆ ಮಾಡುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಹೋಟೆಲಿನಲ್ಲಿ ಯಾರಾದರೂ ಮಾಣಿಯನ್ನು “ಬಾಯ್” ಎಂದು ಕರೆದರೆ ಅಜ್ಜ ಕುಡಿಯುತ್ತಿದ್ದ ಟೀ ಬಿಟ್ಟು ಎದ್ದು ನಿಲ್ಲುತ್ತಿದ್ದ. ತನ್ನನ್ನೇ ಕರೆದರು ಅಂದುಕೊಂಡ ನೋಡು, ಎಷ್ಟು ಜಂಬ, ಎಂದು ಅದಕ್ಕೂ ನಕ್ಕಿದ್ದೆವು. ಮೂರು ತಲೆಮಾರು, ಒಂದೇ ನಗು.

“ಬಾಯಿ ಅಲ್ಲಮ್ಮ” ಎಂದರು ತಾತ, ಅತ್ತೆಯ ಕಡೆ ತಿರುಗಿ. “ಬಾಯ್. ಹುಡುಗ ಅಂತ. ಬಡಿಸೋರನ್ನ ಹಾಗೇ ಕರೀತಿದ್ದಿದ್ದು. ಮೂವತ್ತು ವರ್ಷದವನಾದ್ರೂ ಬಾಯ್, ಮೊಮ್ಮಕ್ಕಳಾದೋನಾದ್ರೂ ಬಾಯ್. ಈ ಅಂಕಿ ಎಷ್ಟನೇ ಬಾಯ್ ಅಂತ. ನಾನೂ ಹಾಗೇ ಕರೆದಿದ್ದೀನಿ.”

ಕೊನೆಯ ಮಾತನ್ನು ಮಾತ್ರ ಅವರು ಕೂಗಲಿಲ್ಲ.

ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. ನಾನು ಅವಳ ಮೊಣಕೈ ಹಿಡಿದೆ. ನನ್ನ ಒಳಗೆ ಸಿಟ್ಟು ಕುದಿಯುತ್ತಿತ್ತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಒಬ್ಬ ಮನುಷ್ಯನನ್ನು ಯುದ್ಧಕ್ಕೆ ಕರೆದೊಯ್ದು, ಸಾವಿನ ಬಾಗಿಲಲ್ಲಿ ವರ್ಷಾನುಗಟ್ಟಲೆ ನಿಲ್ಲಿಸಿ, ಹೆಸರನ್ನು ಕಿತ್ತುಕೊಂಡು, ಅದರ ಬದಲು ಕೊಟ್ಟಿದ್ದು ಈ ಪಟ್ಟಿ. ನಾವು ಅದನ್ನು ಬಿರುದು ಎಂದುಕೊಂಡು ಮುದ್ದು ಮಾಡಿದೆವು.

ತಾತ ಆಗ ಪದಕಗಳನ್ನು ಒಂದೊಂದಾಗಿ ತಿರುವಿ ಅಂಚು ನೋಡಿದರು. ಅಂಚಿನ ಮೇಲೆ ಕೊರೆದ ಸಂಖ್ಯೆ, ಅಜ್ಜನ ಹೆಸರು ಎರಡೂ ಇದ್ದವು. ಪದಕ ಇವರದ್ದೇ, ಅನುಮಾನವಿಲ್ಲ, ಎಂದರು. ಯಾವ ಶೌರ್ಯಕ್ಕೆ ಕೊಟ್ಟದ್ದು ಎಂದು ನಾನು ಕೇಳಿದೆ. ಶೌರ್ಯಕ್ಕಲ್ಲ, ಆ ಸಮುದ್ರದಲ್ಲಿ ಆ ವರ್ಷಗಳಲ್ಲಿ ಇದ್ದದ್ದಕ್ಕೆ, ಎಂದರು. ಇವೇ ಪದಕ ಆ ಹಡಗಿನ ಕ್ಯಾಪ್ಟನ್ನನಿಗೂ ಬಂದಿರುತ್ತವೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕಾದಾಟ ಶುರುವಾದಾಗ ಬಡಿಸುವವರು ತಟ್ಟೆ ಕೆಳಗಿಟ್ಟು ಹಡಗಿನ ತಳದ ಮದ್ದಿನ ಕೋಣೆಗೆ ಇಳಿಯಬೇಕಿತ್ತು. ಅಲ್ಲಿಂದ ಮೇಲಿನ ಫಿರಂಗಿಗೆ ಗುಂಡು ದಾಟಿಸಬೇಕು. ಇಳಿದ ಮೇಲೆ ಮೇಲಿನ ಮುಚ್ಚಳವನ್ನು ಹೊರಗಿನಿಂದ ಬಿಗಿಯುತ್ತಿದ್ದರು. ಬೆಂಕಿ ಬಿದ್ದರೆ ಆ ಕೋಣೆಗೆ ನೀರು ಬಿಡುತ್ತಿದ್ದರು, ಹಡಗು ಉಳಿಯಬೇಕಲ್ಲ.

“ಒಳಗಿದ್ದೋರು?” ಎಂದಳು ಅತ್ತೆ.

ಫಿರಂಗಿ ತಾತನಿಗೆ ಕೇಳಿಸಲಿಲ್ಲವೋ ಏನೋ, ಪದಕಗಳನ್ನು ಸಾಲಾಗಿ ಜೋಡಿಸತೊಡಗಿದರು.

ಅಷ್ಟರಲ್ಲಿ ನಿರ್ದೇಶಕಿ ಬಂದರು. ಸಂಗ್ರಹಾಲಯದ ಮುಖ್ಯಸ್ಥೆ, ಮಾತು ಬೆಣ್ಣೆ. ತಾತ ಹೇಳಿದ್ದನ್ನೆಲ್ಲ ಕೇಳಿ ಅವರು ಒಂದು ಕ್ಷಣ ಹುಬ್ಬು ಗಂಟಿಕ್ಕಿದರು. ಆಮೇಲೆ ಮುಖ ಅರಳಿತು. ಫಲಕ ತೆಗೆಸುವುದೇನೂ ದೊಡ್ಡ ಕೆಲಸವಲ್ಲ, ಇದು ಒಂದು ಲೆಕ್ಕದಲ್ಲಿ ಅದೃಷ್ಟವೇ ಎಂದರು. ನಮ್ಮನ್ನು ಪಕ್ಕದ ಅಂಕಣಕ್ಕೆ ಕರೆದೊಯ್ದರು.

ಅಲ್ಲಿ ಹಡಗಿನ ಊಟದ ಕೋಣೆಯನ್ನು ಹಾಗೇ ಮಾಡಿಟ್ಟಿದ್ದರು. ಮೆರುಗಿನ ಮೇಜು, ಬೆಳ್ಳಿಯ ಚಮಚ, ಗಾಜಿನ ಲೋಟ. ಕ್ಯಾಪ್ಟನ್ನನ ಗೊಂಬೆ ಎದೆ ತುಂಬ ಪದಕ ಹಾಕಿಕೊಂಡು ಕೂತಿತ್ತು. ಅದರ ಮುಂದೆ ಹೆಸರಿನ ಫಲಕ. ಹಿಂದೆ ಇನ್ನೊಂದು ಗೊಂಬೆ ನಿಂತಿತ್ತು. ಸೊಂಟದಿಂದ ಚೂರು ಬಗ್ಗಿ, ಕೈಯಲ್ಲಿ ಟ್ರೇ ಹಿಡಿದು, ಯಾವುದೋ ಹೋಟೆಲಿನಿಂದ ಬಾಡಿಗೆಗೆ ತಂದ ಜಾಕೆಟ್ಟು ತೊಟ್ಟು. ಅದಕ್ಕೆ ಮೂಗು ಬಾಯಿ ಕೂಡ ಸರಿಯಾಗಿ ಕೊರೆದಿರಲಿಲ್ಲ.

ಇದಕ್ಕೊಂದು ಅಸಲಿ ಕೋಟು ಸಿಗದೆ ಪರದಾಡುತ್ತಿದ್ದೆವು, ನಿಮ್ಮ ತಂದೆಯವರದು ಹೇಳಿ ಮಾಡಿಸಿದ ಹಾಗಿದೆ, ಎಂದರು ನಿರ್ದೇಶಕಿ. ಹಾಗಾದರೆ ಹೆಸರು ಎಲ್ಲಿ ಹಾಕುತ್ತೀರಿ ಎಂದು ಅತ್ತೆ ಕೇಳಿದಳು. ಈ ದೃಶ್ಯದಲ್ಲಿ ಕ್ಯಾಪ್ಟನ್ನನಿಗೆ ಮಾತ್ರ ಫಲಕ, ಉಳಿದದ್ದು ಹಿನ್ನೆಲೆ, ಎಂದರು ಅವರು. ಪದಕ? ಬಡಿಸುವಾಗ ಪದಕ ಹಾಕುವ ಪದ್ಧತಿ ಇಲ್ಲ, ಜೋಪಾನವಾಗಿ ಒಳಗೆ ಇಡುತ್ತೇವೆ, ಎಂದರು. ಟ್ರೇ? ಟ್ರೇ ಇಲ್ಲದಿದ್ದರೆ ಅವನು ಅಲ್ಲಿ ಯಾಕೆ ನಿಂತಿದ್ದಾನೆ ಎಂದು ಜನಕ್ಕೆ ಗೊತ್ತಾಗುವುದಿಲ್ಲ, ಎಂದರು. ಪ್ರತಿಯೊಂದನ್ನೂ ನಯವಾಗಿಯೇ ಹೇಳಿದರು. ಕತ್ತಿಗೆ ಒರೆ ಇರುವುದು ಇದಕ್ಕೇ.

“ನೂರು ವರ್ಷ ಆದ್ರೂ ಬಗ್ಗಿಕೊಂಡೇ ಇರ್ಬೇಕಾ ನಮ್ಮಪ್ಪ?” ಎಂದಳು ಅತ್ತೆ.

ನಿರ್ದೇಶಕಿ ಗಡಿಯಾರ ನೋಡಿಕೊಂಡರು. ಹೊರಗೆ ವಾದ್ಯದವರು ಶ್ರುತಿ ಕೂಡಿಸುತ್ತಿದ್ದರು. ಎಲ್ಲರೂ ಹಿಂದಿನ ಕೋಣೆಗೆ ಬಂದೆವು. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಬಲವಂತವಿಲ್ಲ, ಪದ್ಧತಿ ಪ್ರಕಾರ ಮಕ್ಕಳು ಗುರುತು ಹೇಳಿಬಿಡಲಿ, ಕೋಟು ಮನೆಗೆ ಒಯ್ಯಬಹುದು, ಎಂದು ಅವರು ದೊಡ್ಡಪ್ಪನ ಕಡೆ ನೋಡಿದರು. ಹಿರಿಯ ಮಗ ಅವನೇ ತಾನೇ.

ದೊಡ್ಡಪ್ಪ ಮೇಜಿನ ಮುಂದೆ ನಿಂತ. ಕೋಟನ್ನು ಮುಟ್ಟಲಿಲ್ಲ.

“ಇದು ನಮ್ಮ ತಂದೆಯವರದಲ್ಲ” ಎಂದ. “ಎಲ್ಲೋ ಅದಲುಬದಲಾಗಿದೆ.”

ಅಂಥ ಮಾತು ಬರಬಹುದೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಅತ್ತೆ ಅಣ್ಣನ ಮುಖವನ್ನು ಅಪರಿಚಿತರ ಮುಖ ನೋಡುವ ಹಾಗೆ ನೋಡಿದಳು. ನಾನು ಬಾಯಿ ತೆಗೆದೆ. ನೀನು ಸುಮ್ಮನಿರಮ್ಮ, ನೀನು ಬಸ್ಸಿನಲ್ಲಿ ಟಿಕೆಟ್ ಹರಿದಷ್ಟು ಸುಲಭ ಅಲ್ಲ ಇದು, ಎಂದು ದೊಡ್ಡಪ್ಪ ಕಂಡಕ್ಟರಾದ ನನ್ನನ್ನು ಅಲ್ಲಿಗೇ ತಡೆದ. ನಿರ್ದೇಶಕಿ ಮತ್ತೊಮ್ಮೆ ಕೇಳಿದರು, ಖಚಿತವೇ ಎಂದು. ಮಕ್ಕಳಲ್ಲಿ ಹಿರಿಯರು ಅಲ್ಲ ಅಂದರೆ ಅದು ಯಾರದೂ ಅಲ್ಲ ಎಂದು ಬರೆದುಕೊಳ್ಳಬೇಕಾಗುತ್ತದೆ ಎಂದೂ ಹೇಳಿದರು. ಯಾರದೂ ಅಲ್ಲದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕಾಗಿರಲಿಲ್ಲ. ಕೆಲಸದವನೊಬ್ಬ ಆಗಲೇ ಬಗ್ಗಿದ ಗೊಂಬೆಯ ಮೈಯಿಂದ ಬಾಡಿಗೆ ಜಾಕೆಟ್ಟು ಬಿಚ್ಚುತ್ತಿದ್ದುದು ಬಾಗಿಲಿನಿಂದ ಕಾಣುತ್ತಿತ್ತು.

“ಇದು ನಮ್ಮಪ್ಪನದು” ಎಂದಳು ಅತ್ತೆ.

“ಪುಟ್ಟೀ.”

“ನಮ್ಮಪ್ಪನದು. ಪ್ರತಿ ವರ್ಷ ಬಿಸಿಲಿಗೆ ಹಾಕ್ತಿದ್ದೋಳು ನಾನು. ನಿಂಗೊತ್ತಿಲ್ವಾ ಅಣ್ಣ?”

ಮಕ್ಕಳಿಬ್ಬರೂ ಬೇರೆ ಬೇರೆ ಹೇಳಿದರೆ ಹಿರಿಯರ ಮಾತೇ ಹಿಡಿಯುವುದು ಇಲ್ಲಿನ ರೂಢಿ, ಎಂದರು ನಿರ್ದೇಶಕಿ. ರೂಢಿ ಯಾವಾಗಲೂ ಯಾರ ಕಡೆ ಇರುತ್ತದೆ ಎಂದು ನನಗೆ ಗೊತ್ತಿತ್ತು. ಪದಕದ ಅಂಚಿನಲ್ಲಿ ಹೆಸರೇ ಇದೆಯಲ್ಲ ಎಂದು ನಾನು ಕೂಗಿದೆ. ಪದಕ ಇವರದು, ಕೋಟು ಬೇರೆಯವರದಿರಬಹುದಲ್ಲ, ಎಂದರು ಅವರು. ಫಿರಂಗಿ ತಾತ ಏನೋ ಹೇಳಹೋದರು. ನಿಮ್ಮ ಕೆಲಸ ಮುಗಿಯಿತು ತಾತ, ಎಂದು ನಿರ್ದೇಶಕಿ ಅವರ ಕಿವಿಯ ಬಳಿ ಜೋರಾಗಿ ಹೇಳಿದರು.

ದೊಡ್ಡಪ್ಪ ಅತ್ತೆಯ ತೋಳು ಹಿಡಿದು ಗೋಡೆಯ ಮೂಲೆಗೆ ಕರೆದೊಯ್ದ. ನಾನೂ ಹೋದೆ. ಅವನು ಗೋಡೆಯ ಆಚೆಗೆ ಕೇಳದ ಹಾಗೆ ಪಿಸುಗುಟ್ಟಿದ. ಆಚೆ ತನ್ನ ಸಾಹೇಬರು ಕೂತಿದ್ದಾರೆ, ಗುಮಾಸ್ತರು ಕೂತಿದ್ದಾರೆ, ಬೀದಿಗೆ ಬೀದಿಯೇ ಕೂತಿದೆ. ಆಫೀಸರ್ ಮಗ ಅಂತ ತನಗೆ ಕಚೇರಿಯಲ್ಲಿ ಕೊಟ್ಟ ಮರ್ಯಾದೆ, ಆ ಮರ್ಯಾದೆಯ ಮೇಲೆ ಕಟ್ಟಿಕೊಂಡ ಬದುಕು. ಇವತ್ತು ಹೋಗಿ ಎಂಜಲು ತಟ್ಟೆ ಎತ್ತುವವನ ಮಗ ಅಂತ ಹೇಳಲಾ? ಆಮೇಲೆ ಅವನ ದನಿ ಇನ್ನೂ ತಗ್ಗಿತು.

“ನಂಗೆ ಗೊತ್ತಿತ್ತು ಪುಟ್ಟೀ. ನೀನಿನ್ನೂ ಅಮ್ಮನ ಸೊಂಟದ ಮೇಲಿದ್ದೆ. ಹಡಗು ನೋಡೋಕೆ ಮನೆಯವರನ್ನೆಲ್ಲ ಬಿಟ್ಟಿದ್ರು ಒಂದ್ಸಲ. ಯಾವನೋ ಸಾಹೇಬನ ಮಗ, ನನ್ನಷ್ಟೇ ಇದ್ದ, ಚಿಟಿಕೆ ಹಾಕಿ ಕರೆದ. ಅಪ್ಪ ನನ್ನ ಕೈ ಬಿಟ್ಟು ಓಡಿದ.”

ಅತ್ತೆಯ ಕಣ್ಣಲ್ಲಿ ಕರುಣೆ ಬಂತು. ಆದರೆ ಪಟ್ಟು ಬಿಡಲಿಲ್ಲ.

“ಅವತ್ತು ಅಪ್ಪ ನಿನ್ನ ಕೈ ಬಿಟ್ಟ ಅಂತ ಇವತ್ತು ನೀನು ಬಿಡ್ತೀಯಾ?”

ದೊಡ್ಡಪ್ಪ ತಿರುಗಿ ಮೇಜಿನ ಹತ್ತಿರ ಬಂದ. ಈಗ ಅವನಿಗೆ ಹಟ ಹಿಡಿದಿತ್ತು. ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದ: ನಮ್ಮ ತಂದೆ ದೊಡ್ಡ ಮೈಕಟ್ಟಿನವರು, ಭುಜ ಇಷ್ಟಗಲ, ಈ ಕೋಟು ಯಾವನೋ ನರಪೇತಲನದು, ಕಣ್ಣಿದ್ದವರು ನೋಡಿ. ನಿರ್ದೇಶಕಿ ತಲೆಯಾಡಿಸಿದರು. ಅವರಿಗೆ ಮುಗಿದರೆ ಸಾಕಾಗಿತ್ತು.

“ನೀನೂ ಅಪ್ಪನ ಮೈಕಟ್ಟೇ ಅಂತ ಊರೆಲ್ಲ ಹೇಳುತ್ತೆ” ಎಂದಳು ಅತ್ತೆ. “ಹಾಕ್ಕೊಂಡು ತೋರಿಸು. ಆಗದಿದ್ರೆ ಅವರೇ ಇಟ್ಕೊಳ್ಳಲಿ, ನಾನು ಸುಮ್ನೆ ಬರ್ತೀನಿ.”

ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ದೊಡ್ಡಪ್ಪ ತನ್ನ ಅಂಗಿಯ ತೋಳನ್ನು ಎಳೆದು ಸರಿಮಾಡಿಕೊಂಡ. ಕೋಟು ಎತ್ತಿಕೊಂಡ. ಬೇಕೆಂದೇ ಒರಟಾಗಿ, ಬಿಗಿಯುತ್ತದೆ ಎಂದು ತೋರಿಸುವ ಹಾಗೆ ಕೈ ತೂರಿಸಿದ. ಬಟ್ಟೆ ಎಲ್ಲೂ ತಡೆಯಲಿಲ್ಲ. ಎಡಗೈ ಹೋಯಿತು, ಬಲಗೈ ಹೋಯಿತು. ಹೆಗಲ ಮೇಲೆ ಕೋಟು ಒಂದು ಸಲ ಅಲುಗಿ, ಕೂತುಕೊಂಡಿತು. ಕಾಲರು ಕುತ್ತಿಗೆಗೆ ಹೊಂದಿತು. ತೋಳಿನ ಅಂಚು ಮಣಿಕಟ್ಟಿನ ಗಂಟಿಗೆ ಸರಿಯಾಗಿ ನಿಂತಿತು. ಅಜ್ಜ ಸತ್ತು ಎಷ್ಟೋ ಕಾಲವಾದ ಮೇಲೆ ಆ ಕೋಣೆಗೆ ಬಂದ ಹಾಗಾಯಿತು. ಅತ್ತೆ ಬಾಯಿಗೆ ಕೈ ಒತ್ತಿಕೊಂಡಳು.

ದೊಡ್ಡಪ್ಪ ಇನ್ನೂ ಒಪ್ಪಲಿಲ್ಲ. ಹೆಗಲು ಕುಣಿಸಿ, ಬೆನ್ನಲ್ಲಿ ಬಿಗಿ, ಕಂಕುಳಲ್ಲಿ ಬಿಗಿ, ಎನ್ನುತ್ತಿದ್ದ. ಹೇಳುತ್ತ ಹೇಳುತ್ತ ಅವನ ಮಾತಿನ ಗಾಳಿ ಇಳಿಯಿತು.

ಬಾಗಿಲು ತೆರೆಯಿತು. ದಂಡನಾಯಕರ ಸಹಾಯಕ ಇರಬೇಕು, ಹೊಸ ಸಮವಸ್ತ್ರದ ಯುವಕ, ಕಿವಿಗೆ ಫೋನು ಒತ್ತಿಕೊಂಡೇ ಒಳಗೆ ಬಂದ. ಕಾರು ಗೇಟಿನ ಹತ್ತಿರ ಬಂತು ಎಂದು ಯಾರಿಗೋ ಹೇಳುತ್ತಿದ್ದ. ಇನ್ನೊಂದು ಕೈಯಲ್ಲಿ ಖಾಲಿ ಲೋಟ. ಅವನು ಕೋಣೆಯನ್ನು ನೋಡಲಿಲ್ಲ. ಮೇಜಿನ ಪಕ್ಕದಲ್ಲಿದ್ದ ನೀರಿನ ಡಬ್ಬದ ಬಳಿ ಕಡುನೀಲಿ ಕೋಟು ತೊಟ್ಟು ನಿಂತವನೊಬ್ಬ ಅವನ ಕಣ್ಣಂಚಿಗೆ ಕಂಡಿರಬೇಕು. ಮಾತು ನಿಲ್ಲಿಸದೆ, ಮುಖ ತಿರುಗಿಸದೆ, ಲೋಟವನ್ನು ಆ ಕಡೆಗೆ ಚಾಚಿದ.

ದೊಡ್ಡಪ್ಪ ಅದನ್ನು ತೆಗೆದುಕೊಂಡ.

ಅವನೇನೂ ಯೋಚಿಸಿರಲಿಲ್ಲ. ಚಾಚಿದ ಲೋಟಕ್ಕೆ ಕೈ ತಾನಾಗಿಯೇ ಹೋಗಿತ್ತು. ಯುವಕ ಫೋನಿನಲ್ಲಿ ಮಾತಾಡುತ್ತಲೇ ಖಾಲಿ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟುಕೊಂಡಿದ್ದ, ತುಂಬಿ ಬರಲಿ ಎಂದು. ನಿರ್ದೇಶಕಿಯ ಮುಖದ ಬಣ್ಣ ಹೋಯಿತು. ಸಾರ್, ಇವರು ಅತಿಥಿಗಳು, ಎಂದು ತಡವರಿಸಿದರು. ಯುವಕ ಆಗ ಮೊದಲ ಸಲ ದೊಡ್ಡಪ್ಪನನ್ನು ನೋಡಿದ. ಓ, ಸಾರಿ, ಕೋಟು ನೋಡಿ ಹಾಗಂದುಕೊಂಡೆ, ಎಂದ. ಒಳ್ಳೆಯ ಹುಡುಗನೇ. ಕೇಡು ಅಂತ ಮಾಡಿದ್ದೇನೂ ಅಲ್ಲ. ಕೇಡು ಮಾಡಬೇಕೆಂದು ಯಾರೂ ಅಂದುಕೊಳ್ಳದೆಯೇ ಇದೆಲ್ಲ ನಡೆಯುವುದು.

ದೊಡ್ಡಪ್ಪ ಲೋಟವನ್ನು ಮೇಜಿನ ಬಿಳಿ ಬಟ್ಟೆಯ ಮೇಲೆ ಇಟ್ಟ. ಅವನು ಹುಡುಗನ ಮೇಲೆ ರೇಗಬಹುದು, ಕೋಟನ್ನು ಕಿತ್ತು ಎಸೆಯಬಹುದು ಎಂದು ನಾನು ಕಾದೆ.

“ಬರ್ಕೊಳ್ಳಿ” ಎಂದ ನಿರ್ದೇಶಕಿಗೆ. ಪಿಸುಮಾತಿನಲ್ಲಲ್ಲ. ಫಿರಂಗಿ ತಾತನಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಪ್ಲೈವುಡ್ಡಿನ ಆಚೆಗೂ ಹೋಗುವ ಹಾಗೆ. “ಇದು ನಮ್ಮಪ್ಪನದು. ಹಡಗಲ್ಲಿ ಬಡಿಸ್ತಿದ್ರು. ಮದ್ದಿನ ಕೋಣೇಲಿ ಗುಂಡು ಹೊತ್ರು. ನಾನು ಅವರ ಹಿರೀ ಮಗ.”

ನಿರ್ದೇಶಕಿ ಬರೆದುಕೊಂಡರು. ಹಾಗಿದ್ದರೆ ಗೊಂಬೆಗೆ ಎಂದು ಅವರು ಮತ್ತೆ ಶುರುಮಾಡುವಷ್ಟರಲ್ಲಿ ಅತ್ತೆ ತನ್ನ ಷರತ್ತು ಹೇಳಿದಳು. ಹೆಸರು ಇರಬೇಕು, ಪದಕ ಇರಬೇಕು, ಕೈ ಖಾಲಿ ಇರಬೇಕು, ಬೆನ್ನು ನೆಟ್ಟಗಿರಬೇಕು. ಅದನ್ನು ತೀರ್ಮಾನಿಸಲು ಸಮಿತಿ ಕೂರಬೇಕು, ಇವತ್ತಂತೂ ಆಗದ ಮಾತು, ಎಂದರು ಅವರು. ಹಾಗಾದರೆ ಕೂತು ತೀರ್ಮಾನಿಸಿ, ಅಲ್ಲಿಯ ತನಕ ಕೋಟು ನಮ್ಮ ಮನೆಯಲ್ಲಿರುತ್ತದೆ, ಎಂದಳು ಅತ್ತೆ. ಇಬ್ಬರ ದನಿಯೂ ಏರಲಿಲ್ಲ. ಇಬ್ಬರೂ ಸೋಲಲಿಲ್ಲ.

ಕೆಲಸದವನು ಬಾಡಿಗೆ ಜಾಕೆಟ್ಟನ್ನು ಮತ್ತೆ ಗೊಂಬೆಗೆ ತೊಡಿಸತೊಡಗಿದ.

ದೊಡ್ಡಪ್ಪ ಕೋಟು ಬಿಚ್ಚಲಿಲ್ಲ. ಹಿತ್ತಲ ಬಾಗಿಲಿನಿಂದ ಹೋಗಬಹುದು ಎಂದು ನಿರ್ದೇಶಕಿ ಸೂಚಿಸಿದರು. ಅವನಿಗೆ ಕೇಳಿಸಲಿಲ್ಲ, ಇಲ್ಲವೇ ಕೇಳಿಸದ ಹಾಗೆ ನಡೆದ. ಪದಕಗಳು ಅತ್ತೆಯ ಕೈಚೀಲದಲ್ಲಿದ್ದವು. ನಾವು ಮುಂಬಾಗಿಲಿನಿಂದಲೇ ಭವನದೊಳಗೆ ಬಂದೆವು. ಮೊದಲ ಸಾಲಿನ ಚೀಟಿಯ ಕುರ್ಚಿಗಳು ಖಾಲಿ ಇದ್ದವು. ಅವನು ಅವನ್ನು ದಾಟಿ ಮೂರನೆಯ ಸಾಲಿಗೆ ಹೋದ.

ಅಲ್ಲಿ ಅವನ ಹಳೆಯ ಕಚೇರಿಯ ಸಾಹೇಬರು ಎದ್ದು ಕೈ ಹಿಡಿದು ಕುಲುಕಿದರು. ಅವರು ಗೋಡೆಯಾಚೆಯ ಮಾತನ್ನು ಕೇಳಿರಲಿಲ್ಲವೋ, ಕೇಳಿಯೂ ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಡುತ್ತಿದ್ದರೋ ನನಗೆ ತಿಳಿಯಲಿಲ್ಲ. ಏನ್ರೀ, ಆಫೀಸರ್ ಕೋಟನ್ನ ತೊಟ್ಕೊಂಡೇ ಬಂದ್ಬಿಟ್ರಲ್ಲ, ಗಾಜಿನ ಪೆಟ್ಟಿಗೇಲಿ ಇಡೋಲ್ವಾ, ಎಂದು ನಕ್ಕರು. ಸಾಲಿನವರೆಲ್ಲ ನಗಲು ಸಿದ್ಧರಾದರು. ಹೂಂ ಎಂದು ಕೂತುಬಿಟ್ಟರೆ ಎಲ್ಲ ಮೊದಲಿನ ಹಾಗೇ ಉಳಿಯುತ್ತಿತ್ತು. ಆ ಬಾಗಿಲು ಆಗಲೂ ಪೂರ್ತಿ ತೆರೆದೇ ಇತ್ತು. ಅತ್ತೆ ನನ್ನ ಬೆರಳುಗಳನ್ನು ಹಿಚುಕಿದಳು.

“ಆಫೀಸರ್ ಕೋಟಲ್ಲ ಸಾರ್” ಎಂದ ದೊಡ್ಡಪ್ಪ. “ಬಡಿಸೋರ ಕೋಟು. ನಾನು ಇಷ್ಟು ದಿನ ಸುಳ್ಳು ಹೇಳ್ತಿದ್ದೆ.”

ಸಾಹೇಬರ ನಗು ಅರ್ಧಕ್ಕೆ ನಿಂತಿತು. ಹಿಡಿದ ಕೈಯನ್ನು ಬಿಡಬೇಕೋ ಬೇಡವೋ ಅವರಿಗೆ ಗೊತ್ತಾಗಲಿಲ್ಲ. ಪಕ್ಕದವನೊಬ್ಬ ಕಾಲು ಹಿಂದಕ್ಕೆಳೆದುಕೊಂಡ. ನಮ್ಮ ಬೀದಿಯ ದರ್ಜಿ ಮಾತ್ರ ಕುರ್ಚಿಯ ಮೇಲಿಟ್ಟಿದ್ದ ತನ್ನ ಚೀಲ ಎತ್ತಿಕೊಂಡು, ಕೂತ್ಕೊಳ್ಳಿ, ನಿಂತ್ಕೊಂಡೇ ಹೇಳ್ಬೇಕಾ, ಎಂದ. ದೊಡ್ಡಪ್ಪ ಕೂತ. ಹೇಳಲು ಶುರುಮಾಡಿದ, ತಡೆದು ತಡೆದು, ಮದ್ದಿನ ಕೋಣೆಯಿಂದಲ್ಲ, ಚಿಟಿಕೆಯಿಂದ.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ವಾದ್ಯ ಮೊಳಗಿತು. ಭವನದ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು. ಮೂರನೆಯ ಸಾಲಿನವರು ಮುಂದಕ್ಕೆ ಬಾಗಿ ದೊಡ್ಡಪ್ಪನ ಮಾತು ಕೇಳುತ್ತಿದ್ದರು.